ಬಿರಿದ ಅಡುಗೆ ಕಟ್ಟೆ

ನಿನ್ನೆ ಯಾದಗಿರಿಯಲ್ಲಿ ಕೆಲಸ ಮುಗಿಸಿಕೊಂಡು ಬಸ್ಸಿಗೆ ನಿಂತಿದ್ದೆ. ಎದುರಿನ ಅಂಗಡಿಯಲ್ಲಿ ಯಾರೋ ಕಲ್ಲು ಕೊಯ್ಯುತ್ತಿದ್ದರು. ನೀರು ಬಿದ್ದ ಕಲ್ಲಿನ ಪುಡಿಗೆ ಒಂದು ವಾಸನೆ ಇರುತ್ತದೆ, ನಿಮಗೂ ಗೊತ್ತಿರಬಹುದು. ಹಸಿ ಸುಣ್ಣಕ್ಕೂ ಆಗತಾನೆ ಒರೆಸಿದ ಶಾಲೆಯ ಪಾಟಿಗೂ ನಡುವಿನದು. ಅದು ಮೂಗಿಗೆ ಬಡಿದದ್ದೇ ಶಹಾಪುರದ ನಮ್ಮ ಅಡುಗೆ ಕಟ್ಟೆ ನೆನಪಾಯಿತು.

ಅದನ್ನು ಕರಿ ಗ್ರಾನೈಟಿನಲ್ಲೇ ಮಾಡಿಸಬೇಕೆಂದು ಹಟ ಹಿಡಿದವಳು ನಾನು. ಅಪ್ಪ ತೀರಿಕೊಂಡ ಮೇಲೆ ಅವ್ವ ನಮ್ಮಲ್ಲಿಗೆ ಬಂದಳು. ಪರಸಿ ಕಲ್ಲಿನ ನೆಲದ ಮೇಲೆ ಕೂತು ರೊಟ್ಟಿ ಬಡಿದು ರೂಢಿ ಆಕೆಗೆ. "ನಿಂತು ಅಡಗಿ ಮಾಡೋದಂದ್ರ ಬಸ್ಸಿಗಿ ಕಾದಂಗ ಆಗ್ತದ ನೋಡು" ಎನ್ನುತ್ತಿದ್ದಳು. ಮಂಡಿನೋವು ಶುರುವಾದ ಮೇಲೆ ಆ ಕಟ್ಟೆಗೇ ಒಗ್ಗಿಕೊಂಡಳು. ಆಮೇಲೆ ಅಲ್ಲಿ ನನಗೆ ಜಾಗವಿರಲಿಲ್ಲ. ಇಷ್ಟು ವರ್ಷವಾದರೂ ನನ್ನ ಸಾರಿಗೆ ಒಂದು ಹೆಸರು ಬರದಿರುವುದಕ್ಕೆ ಅದೇ ಕಾರಣವೆಂದು ನಾನು ನಂಬಿಕೊಂಡಿದ್ದೇನೆ. ನಮ್ಮವರು ನಂಬಿಲ್ಲ.

ಅವ್ವನ ಕಿವಿ ಮಂದವಾಗುತ್ತಿದ್ದುದು ನಮಗೆ ನಿಧಾನಕ್ಕೆ ತಿಳಿಯಿತು. ಒಂದು ದಿನ ನಾನು ಶಾಲೆಗೆ, ನಮ್ಮವರು ಭೀಮರಾಯನಗುಡಿಯ ಆಫೀಸಿಗೆ ಹೋಗಿದ್ದಾಗ ಕುಕ್ಕರಿನ ಸೀಟಿ ಆಕೆಗೆ ಕೇಳಲೇ ಇಲ್ಲ. ಬ್ಯಾಳಿ ಸೀದು, ಮನೆಯೆಲ್ಲ ಹೊಗೆ ತುಂಬಿದ ಮೇಲೆ ಓಡಿಬಂದು, ಕಾದು ಸುಡುತ್ತಿದ್ದ ಕುಕ್ಕರನ್ನು ಎತ್ತಿ ಆಗತಾನೆ ತೊಳೆದಿದ್ದ ಕಲ್ಲಿನ ಮೇಲೆ ಇಟ್ಟುಬಿಟ್ಟಳು. ಒಲೆಯಿಂದ ನೀರಿನ ಸಿಂಕಿನವರೆಗೆ ಕಲ್ಲು ಬಿರಿಯಿತು. ಆಕೆಯ ಕೈಗೂ ಬೊಬ್ಬೆ.

ಸಂಜೆ ನಮ್ಮವರು ಬಂದು ಆ ಕೈ ನೋಡಿದರು. ಗದರಿಸುವ ಸ್ವಭಾವ ಅವರದಲ್ಲ. ಎದುರಿಗೆ ಕೂತು ಗಟ್ಟಿಯಾಗಿ ಹೇಳಿದರು: "ಅತ್ತಿ, ಇಷ್ಟ್ ದಿನ ಮಾಡೀರಿ, ಸಾಕ್ರಿ. ಇನ್ನ ಒಲಿ ಕಡಿ ಬರಬ್ಯಾಡ್ರಿ. ಆರಾಮ ಕುಂದರ್ರಿ."

ಅವ್ವ ಅಳಿಯನ ಮಾತು ಮೀರಲಿಲ್ಲ. ಪಡಸಾಲೆಯಲ್ಲಿ ಆರಾಮ ಕೂತಳು. ಕೂತವಳು ದಿನದಿನಕ್ಕೆ ಮಾತು ಕಡಿಮೆ ಮಾಡಿದಳು, ಊಟವನ್ನೂ. ನನ್ನ ಸಾರಿನ ರುಚಿಗೆ ಹಾಗಾಯಿತೆಂದು ನಾವು ನಗಾಡಿದೆವು. ಆಕೆ ನಗಲಿಲ್ಲ.

ಇತ್ತ ಕಲ್ಲಿನ ಪಾಡು. ಮೊಬೈಲಿನಲ್ಲಿ ವಿಡಿಯೋ ನೋಡಿ ನಾನೇ ಅಂಟು ಹಚ್ಚಲು ಹೋದೆ. ಬಿರುಕು ಕೂಡಲಿಲ್ಲ, ನನ್ನ ಎರಡು ಬೆರಳು ಕೂಡಿದವು. ಸುರಪುರದಿಂದ ಬಂದ ಮೇಸ್ತ್ರಿ ಬಿಳಿ ಸಿಮೆಂಟ್ ತುಂಬಿ ಹೋದ. ಕರಿ ಎಮ್ಮೆಗೆ ವಿಭೂತಿ ಬಳಿದಂತೆ ಕಾಣುತ್ತಿತ್ತು, ವಾರದಲ್ಲಿ ಉದುರಿತು. ಕೊನೆಗೆ, ಇದನ್ನೇ ಕಸುಬು ಮಾಡಿಕೊಂಡವರು ಯಾದಗಿರಿಯಲ್ಲಿದ್ದಾರೆಂದು ಯಾರೋ ಹೇಳಿದರು. ಒಂದು ಭಾನುವಾರ ಪಾಲಿಶ್ ಮಷೀನ್ ಹೊತ್ತು ಖಾಜಾಸಾಬ್ ಬಂದ, ಜೊತೆಗೆ ಹೆಂಡತಿ ಮಹಬೂಬಿ.

ಆತ ಬಿರುಕಿಗೆ ಕರಿ ಬಣ್ಣ ಕಲಸಿದ ಅಂಟು ತುಂಬಿದ. ಅದು ಗಟ್ಟಿಯಾದ ಮೇಲೆ ಮಷೀನ್ ಹಚ್ಚಿದ. ಮಹಬೂಬಿ ಪೈಪಿನಿಂದ ನೀರು ಬಿಡುತ್ತ ಪಕ್ಕದಲ್ಲೇ ನಿಂತಳು. ಅವ್ವ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡಿದ್ದಳು. ಮಷೀನ್ ನಿಂತಾಗ ಕೇಳಿದಳು: "ಏನಪಾ, ಗುರ್ತು ಉಳಿತದೇನು?"

ಆತ ತಿರುಗಲಿಲ್ಲ. ಅವ್ವ ಮತ್ತೆ ಕೇಳಿದಳು. ಉತ್ತರವಿಲ್ಲ.

"ಇವನಿಗಿ ಸೊಕ್ಕು ಭಾಳ ಅದ" ಎಂದಳು ನನಗೆ. ಗುಟ್ಟಾಗಿ ಅಂದೆನೆಂದು ಆಕೆಯ ತಿಳುವಳಿಕೆ, ಬೀದಿಗೆಲ್ಲ ಕೇಳಿಸಿತು.

ಮಹಬೂಬಿ ನಕ್ಕುಬಿಟ್ಟಳು. "ಸೊಕ್ಕಲ್ರಿ ಅಮ್ಮಾ, ಅವರಿಗಿ ಕೇಳಂಗಿಲ್ಲ. ಈ ಮಷೀನೇ ಕಿವಿ ತಿಂದದ." ಅವ್ವನಿಗೆ ತಿಳಿಯಲಿಲ್ಲವೆಂದು ಕಂಡು ಹತ್ತಿರ ಬಂದು, ಎದುರಿಗೆ ಕುಕ್ಕರಗಾಲಲ್ಲಿ ಕೂತು, ಕಿವಿ ಮುಟ್ಟಿ ತೋರಿಸಿ, ಒಂದೊಂದೇ ಮಾತನ್ನು ಬಾಯ್ತುಂಬ ಹೇಳಿದಳು. ಕೂಗಲಿಲ್ಲ. ಅವ್ವನಿಗೆ ಎಲ್ಲ ಕೇಳಿಸಿತು.

ಅವ್ವ ಖಾಜಾಸಾಬನ ಕೈಯಲ್ಲಿದ್ದ ಮಷೀನ್ ಕಡೆ ಬೆರಳು ತೋರಿಸಿದಳು. "ಕಿವಿ ಇಲ್ದಾಂವನ ಕೈಯಾಗ ಅಂಥಾ ಮಷೀನ್ ಕೊಟ್ಟಿಯಲ್ಲ ತಂಗಿ, ಅಂಜಿಕಿ ಆಗಂಗಿಲ್ಲೇನು?"

"ಆಗ್ತದ್ರಿ. ಅದಕ್ಕ ಬಾಜೂಕ ನಿಂದರ್ತೀನಿ. ಏನರ ಆವಾಜ್ ಫರಕ್ ಆದ್ರ ಭುಜಕ್ಕ ಕೈ ಹಚ್ತೀನಿ, ಬಂದ್ ಮಾಡ್ತಾರ."

"ಮನ್ಯಾಗ ಕುಂದರ್ಸಬಾರ್ದೇನು?"

"ಕುಂದರ್ಸಿದ್ದೆ ನೋಡ್ರಿ ಒಂದಿಷ್ಟ್ ದಿನ. ಮನಷ್ಯಾ ಮನಷ್ಯಾನೇ ಉಳಿಲಿಲ್ಲ, ಗ್ವಾಡಿಗಿ ಮಾರಿ ಮಾಡಿ ಮಲಗೋದು. ಮತ್ತ ನಾನೇ ಮಷೀನ್ ತೊಗೊಂಡ್ ಕೈಯಾಗ ಕೊಟ್ಟೆ."

ಅವ್ವ ಪಡಸಾಲೆಯಲ್ಲಿ ಪೇಪರ್ ಹಿಡಿದು ಕೂತಿದ್ದ ಅಳಿಯನ ಕಡೆ ಒಮ್ಮೆ ನೋಡಿದಳು. ನಮ್ಮವರು ಪೇಪರ್ ಇನ್ನಷ್ಟು ಮೇಲಕ್ಕೆ ಹಿಡಿದರು. ಬಹಳ ಹೊತ್ತು ಹಾಳೆ ತಿರುವಲಿಲ್ಲ.

ಮಧ್ಯಾಹ್ನ ಕೆಲಸ ಮುಗಿಯಿತು. ಮುಖ ಕಾಣುವಷ್ಟು ಹೊಳೆಯುತ್ತಿದ್ದ ಕಲ್ಲಿನಲ್ಲಿ ಬಿರುಕನ್ನು ಹುಡುಕಬೇಕಿತ್ತು. ಅವ್ವ ಅಂಗೈ ಸವರಿ ಹುಡುಕಿದಳು, ಸಿಕ್ಕಿತು. ಖಾಜಾಸಾಬ್ ನಕ್ಕ. "ಅಷ್ಟ್ ಉಳಿತದ್ರಿ ಅಮ್ಮಾ. ಆಸಿಡ್ ಹಾಕಿ ತಿಕ್ಕಬ್ಯಾಡ್ರಿ, ಬಿಸಿ ಭಾಂಡಿ ಇಡಬೇಕಂದ್ರ ಕೆಳಗ ಕಟ್ಟಿಗಿ ಹಲಗಿ ಹಾಕ್ರಿ" ಎಂದ. ತನ್ನ ದನಿ ತನಗೆ ಕೇಳದವರ ಹಾಗೆ ಗಟ್ಟಿಯಾಗಿಯೇ ಮಾತಾಡುತ್ತಿದ್ದ. ಅವ್ವನಿಗೆ ಅದು ಅನುಕೂಲವಾಯಿತು. ಅವರಿಬ್ಬರ ಹರಟೆ ಚಹಾ ಮುಗಿದ ಮೇಲೂ ನಡೆಯಿತು. ಒಬ್ಬರ ಮಾತು ಇನ್ನೊಬ್ಬರಿಗೆ ಎಷ್ಟು ಮುಟ್ಟಿತೋ ಗೊತ್ತಿಲ್ಲ.

ಮರುದಿನ ಬೆಳಿಗ್ಗೆ ನಾನು ತಲೆ ಬಾಚಿಕೊಳ್ಳುತ್ತಿದ್ದಾಗ ಅಡುಗೆಮನೆಯಲ್ಲಿ ಪಾತ್ರೆಯ ಸದ್ದಾಯಿತು. ಹೋಗಿ ನೋಡಿದರೆ ನಮ್ಮವರು ಉಳ್ಳಾಗಡ್ಡಿ ಹೆಚ್ಚುತ್ತ ನಿಂತಿದ್ದಾರೆ, ಕಣ್ಣಲ್ಲಿ ನೀರು. ಅವ್ವ ಬಾಗಿಲಲ್ಲಿ.

ನಮ್ಮವರು ಚಾಕು ಇಟ್ಟು, ಆಕೆಯ ಎದುರಿಗೆ ಬಂದು ಮೆಲ್ಲಗೆ ಅಂದರು: "ಅತ್ತಿ, ಬರ್ರಿ. ಒಗ್ಗರಣಿ ನೀವು ಹಾಕ್ರಿ. ಸೀಟಿ ನಾ ಎಣಸ್ತೀನಿ."

ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದಳು. "ಉಳ್ಳಾಗಡ್ಡಿ ಇಷ್ಟ್ ದಪ್ಪ ಹೆಚ್ಚತಾರೇನ್ರಿ?" ಎಂದಳು. ಎಷ್ಟೋ ದಿನಗಳ ಮೇಲೆ ಆಕೆ ಅಳಿಯನೊಂದಿಗೆ ತಾನಾಗಿ ಆಡಿದ ಮೊದಲ ಮಾತು ಅದು.

ಅಂದಿನಿಂದ ಮನೆಯಲ್ಲಿ ಯಾರಾದರೂ ಇದ್ದಾಗಲೇ ಒಲೆ ಹೊತ್ತುತ್ತದೆ. ನಿನ್ನೆ ನಾನು ಮನೆ ಮುಟ್ಟುವಾಗ ಸಂಜೆಯಾಗಿತ್ತು. ನಮ್ಮವರು ಇನ್ನೂ ಬಂದಿರಲಿಲ್ಲ. ಬ್ಯಾಳಿ ತೊಳೆದು, ಕುಕ್ಕರ್ ಮುಚ್ಚಿ, ಅವ್ವ ಬೀದಿ ಬಾಗಿಲ ಕಡೆಯೇ ನೋಡುತ್ತ ನಿಂತಿದ್ದಳು. ನನ್ನನ್ನು ಕಂಡದ್ದೇ, "ಬಂದ್ಯಾ? ನಿಂದರು ಬಾ" ಎಂದು ಒಲೆ ಹಚ್ಚಿದಳು.

ನಾನು ಚಪ್ಪಲಿ ಬಿಟ್ಟು, ಹೆಗಲ ಚೀಲ ಇಳಿಸದೆ, ಆಕೆಯ ಬಾಜೂಕ ಹೋಗಿ ನಿಂತೆ.