ಕಿವಿಯಣ್ಣ ಆರಿಸಿದ ಮೂರು ಫ್ಯಾನುಗಳು

ಕಿವಿಯಣ್ಣನಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಅಂಗಡಿಗೆ ಬಂದವರು “ಡಬ್ಬದ ಮೇಲೆ ಸದ್ದಿಲ್ಲದ ಫ್ಯಾನು ಅಂತ ಬರೆದಿದೆಯಲ್ಲ” ಅಂದರೆ ಸಾಕು, “ಬರೆಯೋಕೇನ್ರೀ, ನಾನೂ ಹಣೆ ಮೇಲೆ ಸಾಧು ಅಂತ ಬರ್ಕೋತೀನಿ, ನಂಬ್ತೀರಾ?” ಎಂದು ಉರಿದುಬೀಳುತ್ತಿದ್ದ. ಇಪ್ಪತ್ತಾರು ವರ್ಷದಿಂದ ಕಂಪ್ಯೂಟರ್ ಜೋಡಿಸಿದವನು. ಅವನ ನಿಜವಾದ ಹೆಸರು ಬೀದಿಯಲ್ಲಿ ಯಾರಿಗೂ ನೆನಪಿರಲಿಲ್ಲ. ಸದ್ದು ಮಾಡದ ಯಂತ್ರ ಬೇಕೆಂದರೆ ಎಲ್ಲರೂ ಕೈ ತೋರಿಸುತ್ತಿದ್ದುದು ಅವನ ಅಂಗಡಿಗೇ. ಸಣ್ಣ ಸದ್ದನ್ನೂ ಹಿಡಿಯುವ ಆ ಕಿವಿಯೇ ಅವನ ಅನ್ನ, ಅದೇ ಅವನ ಜಂಬ.

ನೀರಿನಿಂದ ತಣಿಯುವ ಕಂಪ್ಯೂಟರಿಗೆ ಫ್ಯಾನು ಆರಿಸುವುದು ಎಲ್ಲರ ಕೈಲಾಗುವ ಕೆಲಸವಲ್ಲ. ಒಳಗಿನ ಬಿಸಿಯನ್ನು ನೀರು ಹೊತ್ತು ತಂದು ರೇಡಿಯೇಟರಿಗೆ ಮುಟ್ಟಿಸುತ್ತದೆ. ರೇಡಿಯೇಟರಿನ ತಗಡಿನ ಹಲ್ಲುಗಳೋ, ಹೇನಿನ ಬಾಚಣಿಗೆಗಿಂತ ಒತ್ತೊತ್ತು. “ಬಯಲಲ್ಲಿ ಭರ್ರೋ ಅಂತ ಬೀಸೋದು ಯಾವ ದೊಡ್ಡಸ್ತಿಕೆ? ಸಂದಿಯಲ್ಲಿ ನುಗ್ಗಬೇಕು, ಅದೂ ಬಾಯ್ಮುಚ್ಕೊಂಡು” ಎನ್ನುತ್ತಿದ್ದ. ಫ್ಯಾನನ್ನು ರೇಡಿಯೇಟರಿಗೆ ಕಟ್ಟಿ, ನಿಧಾನಕ್ಕೆ ತಿರುಗಿಸಿ, ಆಚೆ ಬದಿಗೆ ತೆಳು ಕಾಗದದ ಚೂರು ಹಿಡಿಯುತ್ತಿದ್ದ. ಕಾಗದ ಹಾರಿದರೆ ಗಾಳಿ ನುಗ್ಗಿತು ಅಂತ ಲೆಕ್ಕ. ಆಮೇಲೆ ಕಣ್ಣು ಮುಚ್ಚಿ ಕಿವಿ ಕೊಡುತ್ತಿದ್ದ.

ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ರಿಪೇರಿಗೆ ಬಂದ ಯಂತ್ರಗಳಿಗೆ ಬ್ಲೋವರ್ ಹಿಡಿದು ಧೂಳು ಊದುವುದೂ ಅವನದೇ ಕೆಲಸ. ಅದರ ಅರಚಾಟಕ್ಕೆ ಪಕ್ಕದ ದರ್ಜಿ ಬಾಗಿಲು ಹಾಕಿಕೊಳ್ಳುತ್ತಿದ್ದ. ಕಿವಿಗೆ ಹತ್ತಿ ಇಟ್ಟುಕೊಳ್ಳಿ ಅಂತ ಹೆಂಡತಿ ಹಿಂದೊಮ್ಮೆ ಹೇಳಿದ್ದಕ್ಕೆ, “ಕಿವಿ ಮುಚ್ಕೊಂಡ್ರೆ ಯಂತ್ರದ ಮಾತು ಕೇಳೋದು ನಿಮ್ಮಪ್ಪನಾ?” ಎಂದು ಹತ್ತಿಯ ಉಂಡೆಯನ್ನು ಬೀದಿಗೆ ಎಸೆದಿದ್ದ. ಆಕೆಯೂ ಹಟಮಾರಿಯೇ. ಅಂಗಡಿಯ ಮುಂದುಗಡೆ ಬಿಲ್ಲು ಬರೆಯುತ್ತಿದ್ದಳು, ಆದರೆ ಗಂಡನನ್ನು ಕರೆಯುತ್ತಿರಲಿಲ್ಲ. ಚಹಾ ತಂದರೆ ಅವನ ಮುಂದೆ ಲೋಟ ಕುಕ್ಕಿ ಹೋಗುತ್ತಿದ್ದಳು.

ಅವತ್ತು ಓದುವಾಕೆ ಮೂರನೇ ಸಲ ಯಂತ್ರ ಹೊತ್ತು ತಂದಳು. ಕಣ್ಣು ಕಾಣದವರಿಗಾಗಿ ಮನೆಯಲ್ಲೇ ಕೂತು ಪುಸ್ತಕ ಓದಿ ರೆಕಾರ್ಡ್ ಮಾಡುವುದು ಅವಳ ವೃತ್ತಿ.

“ಅಣ್ಣಾ, ಇನ್ನೂ ಕುಂಯ್ ಅಂತಿದೆ. ಸದ್ದು ಸೇರ್ಕೊಂಡಿದೆ ಅಂತ ಓದಿದ್ದೆಲ್ಲ ವಾಪಸ್ ಕಳಿಸಿದ್ದಾರೆ.”

“ಎರಡು ಸಲ ಬದಲಾಯಿಸಿ ಕೊಟ್ಟಿದ್ದೀನಿ. ಈ ಮೂರು ಫ್ಯಾನು ನಾನೇ ಕಿವಿಗಿಟ್ಟು ಆರಿಸಿದ್ದು. ಉಸಿರೂ ಬಿಡಲ್ಲ ಇವು!”

“ನನಗೆ ಕೇಳಿಸ್ತಿದೆಯಲ್ಲ.”

“ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ! ಓದೋದು ಸರಿಯಾಗಿ ಓದಮ್ಮ, ನನ್ನ ಫ್ಯಾನಿನ ತಂಟೆಗೆ ಬರಬೇಡ!”

ಅವಳ ಮುಖ ಕೆಂಪಾಯಿತು. ಚೀಲದಿಂದ ಮೈಕು ತೆಗೆದು ಸಿಕ್ಕಿಸಿದಳು. ಯಾರೂ ಮಾತಾಡಬೇಡಿ ಎಂದು ಬೆರಳೆತ್ತಿ, ಬರೀ ಮೌನವನ್ನೇ ರೆಕಾರ್ಡ್ ಮಾಡಿದಳು. ಪರದೆಯ ಮೇಲುಭಾಗದಲ್ಲಿ, ಕೀರಲು ಸದ್ದು ಕಾಣಿಸುವ ಜಾಗದಲ್ಲಿ, ಸಣ್ಣಗೆ ಒಂದು ಗೆರೆ ಎಳೆದುಕೊಂಡು ಹೋಯಿತು. “ಇದೇ ಅದು,” ಎಂದಳು.

ಕಿವಿಯಣ್ಣ ಫ್ಯಾನುಗಳ ವೈರು ಕಿತ್ತ. ಗೆರೆ ನಿಂತಿತು. ಸಿಕ್ಕಿಸಿದ, ಗೆರೆ ಬಂತು. ಮತ್ತೆ ಕಿತ್ತ, ಮತ್ತೆ ಸಿಕ್ಕಿಸಿದ. ಫ್ಯಾನಿಗೆ ಕಿವಿ ತಾಗುವಷ್ಟು ಬಗ್ಗಿದ. ಏನೂ ಇಲ್ಲ. ಬಾಗಿಲಿಗೆ ಬಂದು ನಿಂತಿದ್ದ ದರ್ಜಿ, “ಅಯ್ಯೋ, ಸೊಳ್ಳೆ ಹಾಗೆ ಕೂಗ್ತಿದೆಯಲ್ಲಣ್ಣ, ಇಲ್ಲಿಗೇ ಕೇಳುತ್ತೆ,” ಎಂದ.

“ನಿನ್ನ ಯಾರು ಕೇಳಿದ್ರು? ಹೋಗಯ್ಯ, ಗುಂಡಿ ಹೊಲಿ ಹೋಗು!”

ದರ್ಜಿ ಹೋದ. ಕಿವಿಯಣ್ಣನ ಕಣ್ಣು ಬ್ಲೋವರಿನ ಮೇಲೆ ಬಿತ್ತು. ಇಪ್ಪತ್ತಾರು ವರ್ಷ ಕಿವಿಯ ಪಕ್ಕದಲ್ಲೇ ಅರಚಿ ಅರಚಿ, ಸಣ್ಣ ಸದ್ದನ್ನೆಲ್ಲ ಅದು ತಿಂದು ಹಾಕಿತ್ತು. ಅದನ್ನು ಒದ್ದ. ಗೋಡೆಗೆ ಬಡಿದು ಮೂತಿ ಮುರಿಯಿತು. ಸಿಟ್ಟು ಮಾತ್ರ ಇಳಿಯಲಿಲ್ಲ, ಯಾಕೆಂದರೆ ಹತ್ತಿ ಎಸೆದದ್ದು ಬ್ಲೋವರಲ್ಲ.

“ಏ, ಬಾರೇ ಇಲ್ಲಿ!” ಎಂದು ಹೆಂಡತಿಯನ್ನು ಕೂಗಿದ. “ಇಲ್ಲಿ ನಿಲ್ಲು. ಯಾವುದು ಕೂಗುತ್ತೆ ಹೇಳು.”

ಕಪಾಟಿನಲ್ಲಿದ್ದ ಫ್ಯಾನುಗಳನ್ನೆಲ್ಲ ಒಂದೊಂದಾಗಿ ಕಟ್ಟಿದ. ಕಾಗದ ಹಿಡಿದದ್ದು ಅವನು, ಕಿವಿ ಕೊಟ್ಟದ್ದು ಅವಳು. “ಇದು ಕೂಗುತ್ತೆ.” “ಇದೂನೂ.” “ಇದು ಗೊರಗೊರ.” ಐದನೇ ಜಾತಿಯದು ಕಪ್ಪು, ದಪ್ಪ ರೆಕ್ಕೆಯದು, ಕಾಗದ ಹಾರಿತು, ಸದ್ದಿಲ್ಲ ಎಂದು ಹೆಂಡತಿ ತಲೆಯಾಡಿಸಿದಳು. ಅದರಲ್ಲೇ ಮೂರು ತೆಗೆದು ಹಾಕಿದ. ಮೈಕು ಇಟ್ಟರೆ ಪರದೆಯಲ್ಲಿ ಗೆರೆ ಇಲ್ಲ. ಓದುವಾಕೆಯ ಮುಖ ನೋಡದೆಯೇ, “ತಪ್ಪಾಯ್ತು ತಂಗಿ,” ಎಂದ. ಅವಳು ನಗಲಿಲ್ಲ. “ಇನ್ಮೇಲಾದ್ರೂ ಕೇಳಿಸ್ಕೊಳ್ಳಿ ಅಣ್ಣ,” ಎಂದು ಯಂತ್ರ ಎತ್ತಿಕೊಂಡು ಹೋದಳು.

ಹೆಂಡತಿ ಅಲ್ಲೇ ನಿಂತಿದ್ದಳು.

“ಎಷ್ಟು ದಿನದಿಂದ ಹೀಗೆ?”

“ಗೊತ್ತಿಲ್ಲ.”

“ಎರಡು ವರ್ಷದ ಹಿಂದೆ, ಊಟಕ್ಕೆ ಬನ್ನಿ ಅಂತ ಅಡುಗೆಮನೆಯಿಂದ ಎಷ್ಟು ಸಲ ಕರೆದಿದ್ದೀನಿ. ತಿರುಗಿಯೂ ನೋಡ್ತಿರಲಿಲ್ಲ ನೀವು. ಕೊಬ್ಬು ಅಂದ್ಕೊಂಡೆ. ಅದಕ್ಕೇ ಕರೆಯೋದನ್ನೇ ಬಿಟ್ಟೆ.” ಅವಳ ದನಿ ಏರಿತು. “ಬಾಯಿಬಿಟ್ಟು ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ?”

“ನೀನು ಕರೀತಿದ್ದೀಯ ಅಂತ ಗೊತ್ತಾಗಿದ್ರೆ ತಾನೇ ಹೇಳೋದು!” ಎಂದು ಗದರಿದ. ಗದರಿದವನೇ ಅವಳತ್ತ ಕಿವಿ ಬಾಗಿಸಿ, “ಈಗ ಕರಿ ನೋಡೋಣ,” ಎಂದ.