ಹತ್ತರಗಿಯ ಹಳೇ ಬ್ರೌಸರು

ಕಳೆದ ವಾರ ಕಣ್ಣಿನ ಡಾಕ್ಟರರ ಹತ್ತಿರ ಹೆಸರು ಹಚ್ಚಲೆಂದು ನನ್ನ ಹಳೆಯ ಫೋನಿನಲ್ಲಿ ಆಸ್ಪತ್ರೆಯ ಜಾಲತಾಣ ತೆರೆದೆ. ಹೆಸರು, ವಯಸ್ಸು, ಎಡಗಣ್ಣೋ ಬಲಗಣ್ಣೋ ಎಲ್ಲ ತುಂಬಿ ಒತ್ತಿದೆ. ಪುಟ ಬೆಳ್ಳಗಾಯಿತು. ಮತ್ತೊಮ್ಮೆ ತುಂಬಿದೆ, ಮತ್ತೆ ಬೆಳ್ಳಗೆ. ಮೂರನೆಯ ಸಲವೂ ಹಾಗೇ ಆದಾಗ ನಾನೇ ಏನೋ ತಪ್ಪು ಒತ್ತಿರಬೇಕು ಎಂದುಕೊಂಡು ಫೋನು ಬದಿಗಿಟ್ಟೆ. ನೋಡಿ, ಇಪ್ಪತ್ತು ವರ್ಷ ಜಾಲತಾಣ ಮಾಡಿಯೇ ಹೊಟ್ಟೆ ಹೊರೆದವನು ನಾನು. ಫೋನು ಹಳತಾಯಿತು, ಪುಟ ಮಾಡಿದವರು ಹಳೆಯ ಫೋನಿನವರನ್ನು ಲೆಕ್ಕಕ್ಕೆ ಹಿಡಿದಿಲ್ಲ, ಇಷ್ಟೇ ಸಂಗತಿ ಎಂದು ನನಗೆ ಗೊತ್ತಿರಬೇಕಿತ್ತು. ಆದರೂ ಮೊದಲು ಬೈದುಕೊಂಡದ್ದು ನನ್ನನ್ನೇ. ಆ ಕ್ಷಣ ಹತ್ತರಗಿಯ ಸುನಂದಕ್ಕ ನೆನಪಾದರು, ಅಂದಿನಿಂದ ನಿದ್ದೆ ಸರಿಯಾಗಿಲ್ಲ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿದ್ದ ಕಾಲ ಅದು. ಗೋಕಾಕದ ಪೇಟೆಯಲ್ಲಿ ಒಂದು ಕರದಂಟಿನ ಅಂಗಡಿಯ ಮಾಳಿಗೆಯ ಮೇಲೆ ನನ್ನ ಕಂಪ್ಯೂಟರ್ ಕ್ಲಾಸು. ನಾಲ್ಕು ಕಂಪ್ಯೂಟರು, ಆರು ಕುರ್ಚಿ, ಒಂದು ಫ್ಯಾನು. ಕೆಳಗೆ ಬೆಲ್ಲದ ಪಾಕ ಏರಿತೆಂದರೆ ಮೇಲೆ ಪಾಠ ನಿಂತಿತು ಎಂದೇ ಅರ್ಥ. ಕಲಿಯಲು ಬಂದವರು ಕರದಂಟು ತಿಂದ ಕೈಯಲ್ಲೇ ಕೀಲಿಗಳನ್ನು ಒತ್ತಿ, ಕೆಲವು ಅಕ್ಷರಗಳು ಒಳಗೆ ಹೋದರೆ ಹೊರಗೆ ಬರುತ್ತಲೇ ಇರಲಿಲ್ಲ. ಹಲ್ಲುಕಡ್ಡಿಯಿಂದ ಅಂಟು ಕೀಳುವುದು ನನ್ನ ರವಿವಾರದ ಉದ್ಯೋಗ. ಬೋರ್ಡಿನ ಮೇಲೆ ಮಾತ್ರ ಹೆಸರಿನ ಮುಂದೆ ‘ತಜ್ಞ’ ಎಂದು ಬರೆಸಿದ್ದೆ.

ಸುನಂದಕ್ಕ ಹತ್ತರಗಿಯಿಂದ ವಾರಕ್ಕೆರಡು ಸಲ ಬಸ್ಸಿನಲ್ಲಿ ಬರುತ್ತಿದ್ದರು. ಊರಲ್ಲಿ ಹೊಲಿಗೆ ಕ್ಲಾಸು ನಡೆಸುತ್ತಿದ್ದರು. ನನಗಿಂತ ಏಳು ವರ್ಷ ದೊಡ್ಡವರು, ಆದರೂ ಕಲಿಸುವವನೆಂದು ನನ್ನನ್ನು ‘ಸರ್ರ’ ಎನ್ನುವರು. ನಾನು ‘ಅಕ್ಕಾರ’ ಎನ್ನುವೆ. ಕೊಲ್ಲಾಪುರದ ಸಂಬಂಧಿಕರು ಬೇಡವೆಂದು ಬಿಟ್ಟ ಒಂದು ಕಂಪ್ಯೂಟರನ್ನು ಅವರು ಮನೆಗೆ ತರಿಸಿಕೊಂಡಿದ್ದರು. ಅದಕ್ಕೆ ತಾವೇ ಕಸೂತಿ ಹಾಕಿದ ಹೊದಿಕೆ, ಫೋನಿನ ತಂತಿ ಸಿಗಿಸಿದರೆ ನಿಧಾನಕ್ಕೆ ಬರುವ ಇಂಟರ್‌ನೆಟ್ಟು. ಅದರೊಳಗಿನ ಬ್ರೌಸರು ಆ ಕಾಲಕ್ಕೇ ಮುದಿಯಾಗಿತ್ತು ಎಂದು ನಾನು ನೋಡಿದ್ದು ಆಮೇಲೆ.

ನಮ್ಮ ಜೈನ ಸಮಾಜದ ವಧು-ವರರ ಪಟ್ಟಿ ಅಲ್ಲಿಯವರೆಗೆ ವರ್ಷಕ್ಕೊಮ್ಮೆ ಪುಸ್ತಕವಾಗಿ ಅಚ್ಚಾಗುತ್ತಿತ್ತು. ಹುಕ್ಕೇರಿಯ ಅಣ್ಣಾಸಾಹೇಬ ಕಾಕಾ ಅದರ ಹಿರಿಯರು. ಅದನ್ನು ನೆಟ್ಟಿನಲ್ಲಿ ಹಾಕು ಎಂದು ನನ್ನ ಬೆನ್ನು ಹತ್ತಿದರು. ನಾನು ಒಂದು ಸಾದಾ ಪುಟ ಮಾಡಿಕೊಟ್ಟೆ. ಮೇಲೆ ಸಮಾಜದ ಹೆಸರು, ಕೆಳಗೆ ಗೆರೆ ಹಾಕಿದ ಪಟ್ಟಿ, ಒಬ್ಬೊಬ್ಬರ ಹೆಸರಿನ ಮುಂದೆ ‘ಪರಿಚಯ ಕಳಿಸಿ’ ಎಂಬ ಗುಂಡಿ. ನಿಮ್ಮ ವಿವರ ತುಂಬಿ ಒತ್ತಿದರೆ ಅದು ನನ್ನಲ್ಲಿಗೆ ಬರುವುದು, ನಾನು ಅವರಿಗೆ ಮುಟ್ಟಿಸುವುದು. ನೋಡಲು ಬಸ್ಸಿನ ವೇಳಾಪಟ್ಟಿಯ ಹಾಗಿತ್ತು ನಿಜ, ಆದರೆ ಎಂಥ ಕಂಪ್ಯೂಟರಿನಲ್ಲೂ ಕಾಣುತ್ತಿತ್ತು.

ಇಲ್ಲಿ ನಮ್ಮ ಕಡೆಯ ಒಂದು ರೂಢಿ ಹೇಳಬೇಕು. ಹೆಣ್ಣು ನೋಡಲು ಬಂದವರು ಅವಲಕ್ಕಿ ತಿಂದು, ಚಹಾ ಕುಡಿದು, ಏಳುವಾಗ ‘ತಿಳಸ್ತೇವ್ರಿ’ ಎನ್ನುತ್ತಾರೆ. ಒಪ್ಪಿಗೆಯಾದರೆ ಎರಡು ದಿನದಲ್ಲಿ ಸುದ್ದಿ ಬರುತ್ತದೆ. ಆಗದಿದ್ದರೆ ಏನೂ ಬರುವುದಿಲ್ಲ. ಒಲ್ಲೆ ಎಂದು ಬಾಯಿಬಿಟ್ಟು ಹೇಳುವುದು ಅಸಹ್ಯ, ಹೆಣ್ಣಿನ ಕಡೆಯವರು ಕೇಳುವುದು ಅದಕ್ಕಿಂತ ಅಸಹ್ಯ. ಹದಿನೈದು ದಿನ ಸುಮ್ಮನೆ ಕಳೆದರೆ ಇಡೀ ಮನೆಗೆ ತಿಳಿಯುತ್ತದೆ. ಅವಲಕ್ಕಿಯ ತಾಟು ಮತ್ತೆ ಗೋಡೆಯ ಮಾಡಕ್ಕೆ ಏರುತ್ತದೆ, ಆ ಊರಿನ ಹೆಸರು ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಇದರಲ್ಲಿ ದೊಡ್ಡ ಮರ್ಯಾದೆ ಇದೆ ಎಂದು ನಾನೂ ನಂಬಿದ್ದೆ. ಸುನಂದಕ್ಕನ ಮನೆಯಲ್ಲಿ ಹೀಗೆ ಎಷ್ಟೋ ಸಲ ತಾಟು ಮಾಡದಿಂದ ಇಳಿದು ಏರಿತ್ತು. ಅವರಿಗಾಗ ಮೂವತ್ತನಾಲ್ಕು.

ಒಂದು ದಿನ ಕ್ಲಾಸಿನಲ್ಲಿ ಪಟ್ಟಿ ನೋಡುತ್ತಿದ್ದವರು ಒಮ್ಮೆಲೇ ನಕ್ಕರು.

“ಸರ್ರ, ಇಲ್ನೋಡ್ರಿ. ಮೂಡಲಗಿ ಮಾಸ್ತರು. ಹವ್ಯಾಸ ಅಂದಲ್ಲಿ ಎಲ್ಲಾರೂ ಕ್ರಿಕೆಟ್ ಅಂತ ಬರದಾರ. ಇವ್ರು ‘ರೊಟ್ಟಿ ಬಡಿಯಾಕ ಬರತೈತಿ’ ಅಂತ ಬರದಾರ!”

“ಹೆಂಡತಿ ತೀರಿಕೊಂಡು ಮೂರು ವರ್ಷಾತಂತ್ರಿ,” ಎಂದೆ. “ಕಲಿತಿರಬೇಕು.”

ಅವರು ಆ ಸಾಲನ್ನು ಇನ್ನೊಮ್ಮೆ ಓದಿದರು. ಆಮೇಲೆ ದನಿ ತಗ್ಗಿಸಿ, “ಇದನ್ನ ನಾನs ಕಳಸಬೌದೇನ್ರಿ? ಮನ್ಯಾಗಿನ ಗಂಡಸರು ಕಳಸಬೇಕಂತ ಏನಿಲ್ಲಲ್ಲ?” ಎಂದರು.

“ಯಾರು ಬೇಕಾದ್ರೂ ಕಳಸಬೌದ್ರಿ. ಈಗs ಕಳಸ್ರಿ.”

“ಇಲ್ಲಿ ಮಂದಿ ಅದಾರ. ಮನ್ಯಾಗ ಕುಂತು ಕಳಸ್ತೀನಿ.”

ನೋಡಲು ಬಂದವರ ಮುಂದೆ ತಲೆ ತಗ್ಗಿಸಿ ತಾಟು ಹಿಡಿದು ಬಂದ ಹೆಣ್ಣುಮಗಳು ಮೊದಲ ಸಲ ತಾನೇ ಕೇಳಲು ಹೊರಟಿದ್ದಳು. ಅದು ಎಷ್ಟು ದೊಡ್ಡ ಮಾತೆಂದು ನನಗೆ ಹೊಳೆಯಲಿಲ್ಲ, ಏಕೆಂದರೆ ನನ್ನ ತಲೆಯ ತುಂಬ ಗುಲಾಬಿ ಹೂ.

ಹೌದು, ಗುಲಾಬಿ. ಆ ವಾರವೇ ಬೆಳಗಾವಿಗೆ ಹೋದಾಗ ಗೆಳೆಯನೊಬ್ಬ ಮಾಡಿದ ಜಾಲತಾಣ ನೋಡಿದ್ದೆ. ಪುಟ ತೆರೆದರೆ ಮೇಲಿನಿಂದ ಹೂ ಉದುರುತ್ತಿದ್ದವು, ಮೆನುಗಳು ಸೆರಗು ಸರಿದಂತೆ ಸರಿದು ಇಳಿಯುತ್ತಿದ್ದವು. ನನ್ನ ಬಸ್ಸಿನ ವೇಳಾಪಟ್ಟಿ ನೆನೆದು ಹೊಟ್ಟೆ ಉರಿಯಿತು. ಗೋಕಾಕಕ್ಕೆ ಬಂದವನೇ ಎಂಟು ದಿನ ಕೂತು ಎಲ್ಲವನ್ನೂ ಹೊಸದಾಗಿ ಮಾಡಿದೆ. ಹೂ ಉದುರಿಸಿದೆ, ಮೂಲೆಯಲ್ಲಿ ಸನಾದಿ ನುಡಿಸಿದೆ. ಹುಕ್ಕೇರಿಗೆ ಹೋಗಿ ಕಾಕಾಗೆ ತೋರಿಸಿದಾಗ ಅವರು ಕನ್ನಡಕ ಏರಿಸಿ ನೋಡಿ, “ಚಲೋ ಆಗೇತಿ. ಹಳೇ ಕಂಪ್ಯೂಟರ್‌ನ್ಯಾಗೂ ಕಾಣತೈತಲ್ಲಪಾ?” ಎಂದು ಕೇಳಿದರು.

“ಈಗ ಹಳೇದು ಯಾರ ಹತ್ರ ಐತ್ರಿ ಕಾಕಾ?” ಎಂದೆ.

ಸರಿಯಾಗಿ ನಡೆಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಹಳೆಯ ಬ್ರೌಸರಿನಲ್ಲಿ ಪಟ್ಟಿ ಹೇಗೋ ಕಾಣುವುದು, ವಿವರ ತುಂಬಿ ಗುಂಡಿ ಒತ್ತಿದರೆ ಮಾತ್ರ ಪುಟ ಬಿಳಿಯಾಗುವುದು. ನಾನೇ ಪರೀಕ್ಷೆ ಮಾಡಿ ನೋಡಿದ್ದೆ. ಸಾದಾ ಪುಟವನ್ನೂ ಒಂದು ಮೂಲೆಯಲ್ಲಿ ಉಳಿಸಿದ್ದರೆ ಸಾಕಿತ್ತು. ಆದರೆ ಎರಡೆರಡು ಪುಟ ನೋಡಿಕೊಳ್ಳುವುದು ಬೇಸರದ ಕೆಲಸ, ಅದಕ್ಕಿಂತ ಹೆಚ್ಚಾಗಿ ನನ್ನ ಗುಲಾಬಿಯ ಪಕ್ಕ ಆ ಗೆರೆ ಹಾಕಿದ ಪಟ್ಟಿ ಇರುವುದು ನನಗೆ ಅವಮಾನ. ಅಳಿಸಿಬಿಟ್ಟೆ.

ಜಾಲತಾಣಕ್ಕೆ ಯಾರು ಯಾವ ಬ್ರೌಸರಿನಿಂದ ಬಂದರು ಎಂಬುದರ ನೋಂದಣಿಯೊಂದು ಇರುತ್ತದೆ. ಸಂಜೆ ಅದನ್ನು ನೋಡಿ ಖುಷಿಪಡುವುದು ನನ್ನ ಚಟ. ಅದರಲ್ಲಿ ಹಳೆಯ ಬ್ರೌಸರಿನವರು ಒಬ್ಬರೇ ಒಬ್ಬರು ಕಂಡರು. ಮಧ್ಯಾಹ್ನ ನಾಲ್ಕರ ಸುಮಾರಿಗೆ ಬರುವರು, ಹತ್ತು ನಿಮಿಷ ಇರುವರು, ಏನೂ ಕಳಿಸದೆ ಹೋಗುವರು. ಮರುದಿನ ಮತ್ತೆ ಬರುವರು. ನಾನು ಅದಕ್ಕೆ ‘ಎತ್ತಿನ ಗಾಡಿ’ ಎಂದು ಹೆಸರಿಟ್ಟು ಗೆಳೆಯರನ್ನು ನಗಿಸಿದೆ. “ಇವತ್ತೂ ಗಾಡಿ ಬಂದಿತ್ತಪಾ,” ಎನ್ನುವೆ. ಆರನೆಯ ದಿನ ಬರಲಿಲ್ಲ. ಆಮೇಲೂ ಬರಲಿಲ್ಲ. ಬೇರೆ ವಿಷಯ ಸಿಕ್ಕಿತು, ಮರೆತೆವು.

ನಾಲ್ಕು ತಿಂಗಳಾದ ಮೇಲೆ, ಆಗಲೇ ಕ್ಲಾಸು ಮುಗಿಸಿದ್ದ ಸುನಂದಕ್ಕ ಫೋನು ಮಾಡಿ ಪ್ರಿಂಟರು ನಡೆಯುತ್ತಿಲ್ಲ ಎಂದರು. ಹತ್ತರಗಿಗೆ ಹೋದೆ. ಪ್ರಿಂಟರು ಸರಿಯಾದ ಮೇಲೆ, ಹೊಗಳಿಸಿಕೊಳ್ಳುವ ಚಪಲಕ್ಕೆ, ಸಮಾಜದ ಪುಟ ತೆರೆದೆ. ಹೂ ಉದುರಲಿಲ್ಲ. ಗುಂಡಿ ಒತ್ತಿದೆ, ಬಿಳಿ. ಚಹಾ ಹಿಡಿದು ನಿಂತಿದ್ದ ಸುನಂದಕ್ಕ, “ನಿಮಗೂ ಹಂಗs ಆತಾ?” ಎಂದರು. ಅವರಿಗೆ ಖರೇನೇ ಆಶ್ಚರ್ಯವಾಗಿತ್ತು.

“ನೀವು ಕಳಿಸಿದ್ರೇನ್ರಿ ಅಕ್ಕಾರ? ಮೂಡಲಗಿಗೆ?”

“ಧೈರ್ಯ ತಗೋಳಾಕ ಹದಿನೈದು ದಿನಾ ಹಿಡೀತು, ಆಮ್ಯಾಲ ಐದು ದಿನಾ ಕಳಿಸಿದೆ. ಮೊದಲನೇ ಸಲ ಬಿಳೇದಾತು, ನನ್ನ ಕೈ ತಪ್ಪಿರಬೇಕಂತ ತಿಳಕೊಂಡೆ. ಆಮ್ಯಾಲ ಅನಸ್ತು, ಖರೇ ವಯಸ್ಸು ಹಾಕಿದ್ನೆಲ್ಲ, ಅದಕ್ಕ ತಗೋವಲ್ದು. ಒಂದು ದಿನಾ ಮೂವತ್ತು ಅಂತ ಸುಳ್ಳ ಹಾಕಿ ನೋಡಿದೆ. ಆವಾಗೂ ಬಿಳೇದು. ಸುಳ್ಳ ಹೇಳಿದ್ದಕ್ಕ ನಂಗs ನಾಚಿಕಿ ಬಂತು, ಬಿಟ್ಟೆ. ಬ್ಯಾಡ ಅಂದ ಮ್ಯಾಲ ಕೇಳಾಕ ಬರತೈತೇನ್ರಿ?”

ಯಂತ್ರ ಸುಮ್ಮನಿದ್ದದ್ದನ್ನು ಅವರು ಮನುಷ್ಯರು ಸುಮ್ಮನಿದ್ದಂತೆಯೇ ಓದಿಕೊಂಡಿದ್ದರು. ಬೇರೆ ಹೇಗೆ ಓದಬೇಕಿತ್ತು ಅವರು? ಎತ್ತಿನ ಗಾಡಿಯಲ್ಲಿ ಕೂತಿದ್ದವರು ಯಾರೆಂದು ನನಗೆ ಆಗ ತಿಳಿಯಿತು. ನಾನು ಏನಂದೆ ಗೊತ್ತೇ? “ಇದು ಕಂಪ್ಯೂಟರಿನ ತಪ್ಪರಿ ಅಕ್ಕಾರ. ಭಾಳ ಹಳೇದಾಗೇತಿ,” ಎಂದೆ.

ಅವರು ಕಂಪ್ಯೂಟರನ್ನು ಒಮ್ಮೆ ನೋಡಿ ಕಸೂತಿಯ ಹೊದಿಕೆ ಎಳೆದರು. ಗೋಕಾಕಕ್ಕೆ ಮರಳಿ ಎರಡೇ ದಿನದಲ್ಲಿ ಸಾದಾ ಪುಟ ಮತ್ತೆ ಹಾಕಿದೆ. ಎರಡೇ ದಿನದ ಕೆಲಸ ಅದು. ಆದರೆ ಮೂಡಲಗಿಯ ಮಾಸ್ತರರಿಗೆ ಅಷ್ಟರಲ್ಲಿ ಕೊಣ್ಣೂರಿನ ಕಡೆ ನಿಶ್ಚಯವಾಗಿತ್ತು. ಕಾಕಾ ಫೋನಿನಲ್ಲಿ ಸಂತೋಷದಿಂದ ಹೇಳಿದರು. ಸುನಂದಕ್ಕನಿಗೆ ತಿಳಿಸಿದಾಗ, “ಚಲೋ ಆತು ಬಿಡ್ರಿ, ಅವ್ರಿಗೂ ಒಬ್ಬಾಕಿ ಬೇಕಾಗಿತ್ತು,” ಎಂದರು. ಆಮೇಲೆ ಅವರು ಯಾರಿಗೂ ಪರಿಚಯ ಕಳಿಸಲಿಲ್ಲ.

ಈಗಲೂ ಈ ಕಸುಬಿನವರು ಸೇರಿದಲ್ಲಿ ಇದೇ ವಾದ ಏಳುತ್ತದೆ. ಹಳೆಯ ಬ್ರೌಸರನ್ನು ಎಷ್ಟು ದಿನ ಹೊರಬೇಕು? ದುಪ್ಪಟ್ಟು ದುಡಿತ, ಮಾಹಿತಿ ಕದಿಯುವವರಿಗೆ ಸಲೀಸು, ಬಳಸುವವರು ಬೆರಳೆಣಿಕೆ. ಎಲ್ಲವೂ ಖರೆ. ನಾನೂ ಎಷ್ಟೋ ಸಲ ಆ ಪಕ್ಷ ವಹಿಸಿ ಮೇಜು ಗುದ್ದಿದ್ದೇನೆ. ಜಗತ್ತಿನ ಹಳೆಯದನ್ನೆಲ್ಲ ಯಾರೂ ಕೊನೆಯವರೆಗೆ ಹೊರಲಾರರು. ಆದರೆ ‘ಆ ಕಡೆಯಿಂದ ಯಾರೂ ದೂರು ಕೊಟ್ಟಿಲ್ಲ’ ಎಂದು ಯಾರಾದರೂ ಹೇಳಿದಾಗ ಮಾತ್ರ ನನ್ನ ಬಾಯಿ ಕಟ್ಟುತ್ತದೆ. ಅವರು ದೂರು ಕೊಡುವುದಿಲ್ಲ, ಮಹಾರಾಯರೇ. ತಮ್ಮದೇ ಏನೋ ಕೊರತೆ ಎಂದು ಎದ್ದು ಹೋಗುತ್ತಾರೆ. ‘ನಿಮ್ಮ ತಪ್ಪಲ್ಲ, ನಮ್ಮಿಂದ ಆಗುತ್ತಿಲ್ಲ, ಈ ನಂಬರಿಗೆ ಫೋನು ಮಾಡಿ’ ಎಂದು ಒಂದು ಸಾಲು ಬರೆಯಲು ಎಷ್ಟು ಹೊತ್ತು ಬೇಕು?

ಮೊನ್ನೆ ರವಿವಾರ ಹತ್ತರಗಿಗೆ ಹೋದೆ. ಸುನಂದಕ್ಕನ ತಲೆ ಪೂರ್ತಿ ನೆರೆತಿದೆ. ಹೊಲಿಗೆ ಕ್ಲಾಸು ದೊಡ್ಡದಾಗಿದೆ, ಕಣಗಲಾದಿಂದಲೂ ಹುಡುಗಿಯರು ಬರುತ್ತಾರಂತೆ. ಅಂದು ರಜೆ, ಒಬ್ಬರೇ ಕೂತು ಯಾರದೋ ಕುಪ್ಪಸಕ್ಕೆ ಗುಂಡಿ ಹಚ್ಚುತ್ತಿದ್ದರು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಕೈಕೊಟ್ಟಿತು.

“ಅಕ್ಕಾರ, ಆವಾಗ ಕಂಪ್ಯೂಟರಿನ ತಪ್ಪು ಅಂದಿದ್ನೆಲ್ಲ, ಅದು ಸುಳ್ಳರಿ. ನಿಮ್ಮಂಥಾದ್ರಾಗ ನಡೆಯೂದಿಲ್ಲ ಅಂತ ಗೊತ್ತಿದ್ದs ಹಳೇ ಪುಟ ತಗದಿದ್ದೆ. ನೀವು ದಿನಾ ಬಂದು ಹೋಗೂದೂ ನಂಗ ಕಾಣತಿತ್ತು. ಯಾರೋ ಹಳೇ ಮಂದಿ ಅಂತ ನಕ್ಕಿದ್ದೆ.”

ಸೂಜಿ ನಿಂತಿತು. ನಕ್ಕಿದ್ದೆ ಎಂಬ ಮಾತು ಅವರಿಗೆ ತಾಕಿದ್ದು ಮುಖದಲ್ಲೇ ಕಂಡಿತು.

“ಇಷ್ಟು ಹೇಳಾಕ ಇಪ್ಪತ್ತು ವರ್ಷ ಬೇಕಾತೇನ್ರಿ ಸರ್ರ?”

ನಾಚಿಕೆಯಿಂದ ನೆಲ ನೋಡುತ್ತ ಕೂತೆ. ಅವರು ಉಳಿದ ದಾರ ಹಲ್ಲಿನಿಂದ ಕಡಿದು, ಕುಪ್ಪಸ ಮಡಚಿ ಪಕ್ಕಕ್ಕಿಟ್ಟು, ಎದ್ದು ನಿಂತರು. ಹೋಗು ಎನ್ನುತ್ತಾರೆ ಎಂದುಕೊಂಡೆ.

“ನನ್ನ ಒಲ್ಲೆ ಅಂದವರು ಹನ್ನೊಂದು ಮಂದಿ,” ಎಂದರು. “ಯಾಕ ಒಲ್ಲೆ ಅಂದೆ ಅಂತ ಹೇಳಾಕ ಒಬ್ಬರೂ ತಿರುಗಿ ಬಂದಿದ್ದಿಲ್ಲ. ನೀವೊಬ್ಬರು ಬಂದ್ರಿ. ಕುಂಡ್ರಿ, ಚಾ ಇಡ್ತೀನಿ.”