ನಾಲ್ಕು ಗೆರೆ ಮೇಡಂ ಹುಡುಕಿದ ಪುಸ್ತಕ

ನಮ್ಮ ಶಾಲೆಯ ಮಕ್ಕಳು ಈಗ ಇಂಗ್ಲಿಷ್ ಅಕ್ಷರಗಳನ್ನು ಓರೆಯಾಗಿ ಕೂಡಿಸಿ ಬರೆಯುವ ಕರ್ಸಿವ್ ಕಲಿಯುವುದಿಲ್ಲ. ಈ ವರ್ಷದಿಂದ ಆ ಪೀರಿಯಡ್ಡೇ ಇಲ್ಲ. ಅದರ ಬದಲು ಕೀಬೋರ್ಡ್ ಕುಟ್ಟುತ್ತಾರೆ. ಪೋಷಕರ ಸಭೆಯಲ್ಲಿ ಯಾರೋ ಒಬ್ಬ ತಂದೆ, ಇನ್ನೂ ಅದನ್ನೆಲ್ಲ ಕಲಿಸ್ತೀರಾ ಎಂದು ನಕ್ಕಿದ್ದ. ಹೆಡ್‌ಮಾಸ್ಟರಿಗೆ ಅಷ್ಟು ಸಾಕಿತ್ತು.

ಮೂವತ್ತೊಂದು ವರ್ಷ ಆ ಪೀರಿಯಡ್ಡು ನಡೆಸಿದವರು ನಾಲ್ಕು ಗೆರೆ ಮೇಡಂ. ಅವರು ಬರೆಸುತ್ತಿದ್ದ ನಾಲ್ಕು ಗೆರೆಯ ಕಾಪಿ ಪುಸ್ತಕದಿಂದ ಆ ಹೆಸರಿಟ್ಟವರು ಮಕ್ಕಳೇ. ನಾನು ಗಣಿತದವಳು, ಸ್ಟಾಫ್‌ರೂಮಿನಲ್ಲಿ ಅವರ ಪಕ್ಕದ ಕುರ್ಚಿ ನನ್ನದು. ನನ್ನ ಅಕ್ಷರ ಕಾಗೆಕಾಲು ಗುಬ್ಬಿಕಾಲು; ಅವರು ಕಲಿಸಿದ ಮಕ್ಕಳದ್ದು ಮುತ್ತು ಪೋಣಿಸಿದ ಹಾಗೆ. ಓರೆ ಒಂದು ಚೂರು ಹೆಚ್ಚಾದರೂ ಕೆಂಪು ಶಾಯಿ ಬೀಳುತ್ತಿತ್ತು, ಇಡೀ ಪುಟ ಮತ್ತೆ ಬರೆಯಬೇಕಿತ್ತು. ನಲವತ್ತು ಪುಸ್ತಕ ಹರಡಿದರೂ ಒಬ್ಬರೇ ಬರೆದ ಹಾಗಿರಬೇಕು ಎಂಬುದು ಅವರ ಹೆಮ್ಮೆ. ಇದೆಂಥ ಹಟ ಎಂದು ನಾನು ಎಷ್ಟೋ ಸಲ ರೇಗಿದ್ದೇನೆ.

ಅವರ ಒಬ್ಬಳೇ ಮಗಳು ಬರೆಯಲು ಕಲಿತದ್ದೂ ಅವರ ಕೈಕೆಳಗೇ. ಹೋದ ವರ್ಷ, ಇಪ್ಪತ್ತಾರನೇ ವಯಸ್ಸಿಗೆ, ರಸ್ತೆ ಅಪಘಾತದಲ್ಲಿ ಹೋಗಿಬಿಟ್ಟಳು. ಮುಂದಿನ ಸೋಮವಾರ ಮೇಡಂ ಶಾಲೆಗೆ ಬಂದರು, ಹಾಜರಿ ಕರೆದರು, ಬೋರ್ಡ್ ಒರೆಸಿದರು. ಅಳಲಿಲ್ಲ. ಹಲ್ಲು ಕೀಳಿಸಿಕೊಂಡ ಮೇಲೆ ತುಟಿ ಮರಗಟ್ಟಿರುತ್ತಲ್ಲ, ಮೈಯೆಲ್ಲ ಹಾಗಿದೆ ಎಂದು ಒಮ್ಮೆ ಹೇಳಿದರು. ನನಗೆ ಭಯವಾಯಿತು. ಎದ್ದು ಹೋಗಿ ಟೀ ತಂದುಕೊಟ್ಟೆ.

ಮೊನ್ನೆ ನೋಟೀಸು ಬಂತು. ಸ್ಟೋರ್‌ರೂಮು ಕಂಪ್ಯೂಟರ್ ಕೋಣೆಯಾಗುತ್ತದೆ, ಹಳೇ ಪುಸ್ತಕಗಳೆಲ್ಲ ಶನಿವಾರ ರದ್ದಿಗೆ. ಗುರುವಾರ ಮೇಡಂ ನನ್ನ ಮೇಜಿನ ಹತ್ತಿರ ಬಂದು ನಿಂತರು. ಮನೆ ಬದಲಿಸುವಾಗ ಮಗಳ ಶಾಲೆ, ಕಾಲೇಜಿನ ಪುಸ್ತಕಗಳನ್ನೆಲ್ಲ ಅವರೇ ಎಸೆದಿದ್ದರು. ಆಮೇಲಿನದೆಲ್ಲ ಫೋನಿನಲ್ಲೇ, ಮಗಳು ತರಕಾರಿ ಪಟ್ಟಿಯನ್ನೂ ಅದರಲ್ಲೇ ಕಳಿಸುತ್ತಿದ್ದಳು. ಉಳಿದದ್ದು ಆರನೇ ಕ್ಲಾಸಿನಲ್ಲಿ ಕೈಬರಹ ಸ್ಪರ್ಧೆಗೆ ಬರೆದ ಒಂದು ಪುಸ್ತಕ, ಅದು ಆ ಸ್ಟೋರ್‌ರೂಮಿನಲ್ಲೇ ಇತ್ತು.

"ಅವಳು ಕೈಯಾರೆ ಬರೆದಿದ್ದು ಅಂತ ಇರೋದು ಅದೊಂದೇ," ಎಂದರು.

ಸ್ಪರ್ಧೆಗೆ ಅವರೇ ತೀರ್ಪುಗಾರರು. ಮಗಳಿದ್ದ ವರ್ಷ ಯಾರೂ ಬೆರಳು ತೋರಿಸಬಾರದೆಂದು ಅವರೇ ಒಂದು ನಿಯಮ ತಂದಿದ್ದರು. ಹೆಸರಿರುವ ರಟ್ಟನ್ನು ಹರಿದು ಹಾಕುವುದು, ಪುಸ್ತಕದ ಮೇಲೆ ಬರೀ ನಂಬರು. ಯಾವ ನಂಬರು ಯಾರದ್ದು ಎಂಬ ಪಟ್ಟಿ ಹಿಂದಿನ ಹೆಡ್‌ಮಾಸ್ಟರ ಬಳಿ ಇತ್ತು. ಅವರ ಜೊತೆಗೇ ಅದೂ ಎಲ್ಲಿಗೋ ಹೋಯಿತು.

ಆ ಸಂಜೆಯೇ, ಗಂಟೆ ಹೊಡೆದ ಮೇಲೆ, ಸ್ಟೋರ್‌ರೂಮಿನ ನೆಲದ ಮೇಲೆ ಕೂತೆವು. ಆ ವರ್ಷದ ಕಟ್ಟಿನಲ್ಲಿ ನಲವತ್ತನಾಲ್ಕು ಪುಸ್ತಕಗಳಿದ್ದವು. ಹೆತ್ತ ತಾಯಿಗೆ ಎರಡು ನಿಮಿಷದ ಕೆಲಸ ಎಂದುಕೊಂಡಿದ್ದೆ. ಎಲ್ಲದರಲ್ಲೂ ಅದೇ ಪಾಠ, ಅದೇ ಓರೆ, ಅದೇ ಸುತ್ತು. ಅವರು ಒಂದೊಂದೇ ಪುಟ ತಿರುಗಿಸಿದರು. ಮೊದಲ ಸುತ್ತು ಮುಗಿಯಿತು, ಎರಡನೆಯದೂ ಮುಗಿಯಿತು. ಅವಳ ಕೈಯಲ್ಲಿ ಏನಾದರೂ ವಿಶೇಷ ಇರಲೇಬೇಕು, ನೆನಪು ಮಾಡಿಕೊಳ್ಳಿ ಎಂದು ನಾನು ಪೀಡಿಸಿದೆ.

"ಅಕ್ಷರದ ಬಾಲ ಉದ್ದ ಎಳೀತಿದ್ಲು. ಒಂದು ರಜೆ ಪೂರ್ತಿ ಕೂರಿಸಿ ಆ ಚಾಳಿ ಬಿಡಿಸಿದೆ."

ನಾನು ಸ್ಕೇಲು ತೆಗೆದುಕೊಂಡು ಬಾಲಗಳನ್ನು ಅಳೆಯುತ್ತಾ ಹೋದೆ. ಶುಕ್ರವಾರ ಸಂಜೆಯೂ ಅಳೆದೆ. ನಲವತ್ತನಾಲ್ಕರಲ್ಲಿ ಒಂದೂ ಗೆರೆ ದಾಟಿರಲಿಲ್ಲ. ಈ ಹೆಂಗಸಿನ ಮೇಲೆ ಸಿಟ್ಟು ನೆತ್ತಿಗೇರಿತು. ಮರುಕ್ಷಣ ನನ್ನ ಮೇಲೆ ನನಗೇ ನಾಚಿಕೆಯಾಯಿತು.

"ಅವಳದ್ದು ಅಂತ ಇದ್ದದ್ದು ಅದೊಂದೇ. ನಾನೇ ತಿದ್ದಿಬಿಟ್ಟೆ," ಎಂದರು ಮೇಡಂ. ದನಿಯಲ್ಲಿ ಏರೂ ಇರಲಿಲ್ಲ, ಇಳಿವೂ ಇರಲಿಲ್ಲ.

ಶನಿವಾರ ರದ್ದಿ ವ್ಯಾನು ಗೇಟಿಗೆ ಬಂತು. ಕಟ್ಟುಗಳು ಒಂದೊಂದಾಗಿ ಹೊರಗೆ ಹೋದವು. ಆ ವರ್ಷದ್ದು ಬಾಗಿಲು ದಾಟುವಾಗ ಮೇಡಂ ತಡೆದು, ನಡುವಿನಿಂದ ಒಂದು ಪುಸ್ತಕ ಎಳೆದುಕೊಂಡರು. ಬಿಡಿಸಿಯೂ ನೋಡದೆ ಬ್ಯಾಗಿಗೆ ಹಾಕಿದರು. ಅದೇನಾ, ಸಿಕ್ಕಿತಾ ಎಂದು ಕೇಳಿದೆ.

"ಯಾರದ್ದೋ ಏನೋ. ಅವಳದ್ದಲ್ಲ ಅಂತ ಹೇಳೋಕೂ ನನ್ನ ಕೈಲಿ ಆಗಲ್ಲ," ಎಂದು ಬ್ಯಾಗಿನ ಜಿಪ್ಪು ಎಳೆದರು.